ಲೆಕ್ಕಕ್ಕೆ ಸಿಗದ ಹದಿನೇಳು ತಿಂಗಳು

ಪಾಠ ಹೇಳಿ ಬದುಕುವವನಿಗೆ ಎರಡು ಬಗೆಯ ಪ್ರಶ್ನೆಗಳು ಎದುರಾಗುತ್ತವೆ. ಉತ್ತರ ಪುಸ್ತಕದಲ್ಲಿರುವ ಪ್ರಶ್ನೆ ಒಂದು. ಅದನ್ನು ನಾವು ಕೇಳುತ್ತೇವೆ. ಉತ್ತರ ಎಲ್ಲಿಯೂ ಇಲ್ಲದ ಪ್ರಶ್ನೆ ಇನ್ನೊಂದು. ಅದನ್ನು ವಿದ್ಯಾರ್ಥಿಗಳು ಕೇಳುತ್ತಾರೆ, ಅದೂ ಗಂಟೆ ಹೊಡೆಯಲು ಐದು ನಿಮಿಷ ಉಳಿದಿರುವಾಗ, ಹಿಂದಿನ ಬೆಂಚಿನಿಂದ. ಮೊನ್ನೆ ಹುಮನಾಬಾದಿನ ನಮ್ಮ ಕಾಲೇಜಿನಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ನಾನು ತನ್ಮಯನಾಗಿ ಹೇಳುತ್ತಿದ್ದೆ. ಬಿಜ್ಜಳನ ಅರಮನೆ, ಶರಣರ ಮಹಾಮನೆ, ಅಂಗಡಿ ಬೀದಿ, ದೋಣಿಗೆ ಹುಟ್ಟು ಹಾಕುವ ಅಂಬಿಗ, ಕಸ ಗುಡಿಸುವ ಸತ್ಯಕ್ಕ, ಎಲ್ಲರೂ ನನ್ನ ಕಣ್ಣ ಮುಂದೆ ನಡೆದಾಡುತ್ತಿದ್ದರು. ಆಗ ಒಬ್ಬಳು ಎದ್ದು ನಿಂತು, “ಸರ್, ಕಾಲಯಂತ್ರ ಅಂತ ಒಂದು ಸಿಕ್ಕರ ನೀವು ಯಾವ ಕಾಲಕ್ಕ ಹೋಗ್ತೀರಿ?” ಎಂದು ಕೇಳಿದಳು.

ಕನ್ನಡ ಎಂ.ಎ. ಮಾಡಿದವನು, ಮನೆ ಬಸವಕಲ್ಯಾಣ. ಉತ್ತರ ನಾಲಗೆಯ ತುದಿಯಲ್ಲಿಯೇ ಇರಬೇಕಾಗಿತ್ತು. ಇಡೀ ತರಗತಿ ಅದನ್ನೇ ನಿರೀಕ್ಷಿಸುತ್ತಿತ್ತು. ಆದರೆ ನನ್ನ ಬಾಯಿ ತೆರೆದುಕೊಂಡೇ ಉಳಿಯಿತು. ಪುಣ್ಯಕ್ಕೆ ಗಂಟೆ ಹೊಡೆಯಿತು. “ನಾಳೆ ಹೇಳುತ್ತೇನೆ” ಎಂದು ಪುಸ್ತಕ ಮಡಚಿ ಹೊರಬಿದ್ದೆ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಿಟಕಿ ಸಿಕ್ಕವನಿಗೆ ವೇದಾಂತವೂ ಸಿಗುತ್ತದೆ. ಕಾಲಯಂತ್ರವೆಂದರೆ ಕತೆಗಾರನ ಕಲ್ಪನೆ ಎಂದು ನಾವು ನಗುತ್ತೇವೆ. 1895ರಲ್ಲಿ ಎಚ್. ಜಿ. ವೆಲ್ಸ್ ಎಂಬ ಇಂಗ್ಲಿಷ್ ಕಾದಂಬರಿಕಾರ ಅಂಥದೊಂದು ಯಂತ್ರವನ್ನು ಕಟ್ಟಿ ತನ್ನ ನಾಯಕನನ್ನು ಎಂಟು ಲಕ್ಷ ವರ್ಷ ಮುಂದಕ್ಕೆ ಕಳುಹಿಸಿದ. ಆದರೆ ನಾನು ದಿನವೂ ಏರುವ ಕೆಂಪು ಬಸ್ಸೂ ಒಂದು ಕಾಲಯಂತ್ರವೇ ಎಂಬುದನ್ನು ಓದುಗರು ನಂಬಬೇಕು. ಹುಮನಾಬಾದು ಬಸವಕಲ್ಯಾಣಕ್ಕೆ ಪೂರ್ವದಲ್ಲಿದೆ. ಹೀಗಾಗಿ ಅಲ್ಲಿಯ ನೆತ್ತಿಗೆ ಸೂರ್ಯ ಬಂದು ಸುಮಾರು ಮುಕ್ಕಾಲು ನಿಮಿಷವಾದ ಮೇಲೆಯೇ ನಮ್ಮ ಊರ ನೆತ್ತಿಗೆ ಬರುತ್ತಾನೆ. ಅಂದರೆ ಬೆಳಗ್ಗೆ ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿದು ಹೊರಟ ನಾನು ಮುಕ್ಕಾಲು ನಿಮಿಷದಷ್ಟು ಭವಿಷ್ಯಕ್ಕೆ ಹೋಗಿ ಪಾಠ ಹೇಳಿ, ಸಂಜೆ ಭೂತಕಾಲಕ್ಕೆ ಮರಳಿ ಊಟ ಮಾಡುತ್ತೇನೆ. ಇದಕ್ಕೆ ಸರ್ಕಾರ ಪ್ರತ್ಯೇಕ ಭತ್ಯೆ ಕೊಡುವುದಿಲ್ಲ.

ಕೈಗಡಿಯಾರ ಇದನ್ನು ತೋರಿಸದು. ಏಕೆಂದರೆ ಅದು ನಮ್ಮ ಊರಿನ ಸೂರ್ಯನನ್ನು ನಂಬುವುದಿಲ್ಲ. ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಮೇಲಿನ ಸೂರ್ಯನನ್ನು ನಂಬುತ್ತದೆ. 1906ರಲ್ಲಿ ಭಾರತಕ್ಕೆಂದು ಗೊತ್ತುಮಾಡಿದ ಸಮಯ ಅದೇ. ಆ ಲೆಕ್ಕದಲ್ಲಿ ನಮ್ಮ ಗಡಿಯಾರಗಳು ನಮ್ಮ ಊರಿನ ಸೂರ್ಯನಿಗಿಂತ ಸರಾಸರಿ ಇಪ್ಪತ್ತೆರಡು ನಿಮಿಷ ಮುಂದೆ ಓಡುತ್ತಿವೆ. ಬಸವಕಲ್ಯಾಣದ ಜನ ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂದು ಹೊರಗಿನವರು ಆಡಿಕೊಳ್ಳುತ್ತಾರೆ. ಅವರಿಗೆ ಹೇಳಿರಿ: ಇಪ್ಪತ್ತೆರಡು ನಿಮಿಷ ತಡವಾಗಿ ಬಂದವನು ಸೂರ್ಯದೇವನ ಸಾಕ್ಷಿಯಾಗಿ ಸರಿಯಾದ ಹೊತ್ತಿಗೇ ಬಂದಿದ್ದಾನೆ.

ಭೌತಶಾಸ್ತ್ರ ಹೇಳುವ ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ. ಈ ವಾದವನ್ನು ಅವರ ಮುಂದೆ ಇಟ್ಟಾಗ ಅವರು ಅನುಕಂಪದಿಂದ ನಕ್ಕು, “ಇದು ಬರೀ ಲೆಕ್ಕದ ಆಟ. ನಿಜವಾದ ಕಾಲಪ್ರಯಾಣವೂ ನಿಮ್ಮ ಬಸ್ಸಿನಲ್ಲಿಯೇ ನಡೆಯುತ್ತಿದೆ” ಎಂದರು. ಚಲಿಸುವ ಗಡಿಯಾರ ನಿಂತ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿದ. 1971ರಲ್ಲಿ ಹೇಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಅಮೆರಿಕನ್ನರು ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕರ ವಿಮಾನಗಳಲ್ಲಿ ಕೂಡಿಸಿಕೊಂಡು ಭೂಮಿಯನ್ನು ಸುತ್ತಿ ಬಂದು ಅದನ್ನು ಅಳೆದರು. ವೇಗ ಮಾತ್ರವಲ್ಲ, ಎತ್ತರವೂ ಕಾಲವನ್ನು ಬದಲಿಸುತ್ತದೆ. ನೆಲದಿಂದ ಮೇಲೆ ಹೋದಷ್ಟೂ ಗಡಿಯಾರ ಚುರುಕಾಗುತ್ತದೆ. 2010ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಮೂವತ್ತಮೂರು ಸೆಂಟಿಮೀಟರು, ಎಂದರೆ ಒಂದಡಿಗಿಂತ ತುಸು ಹೆಚ್ಚು, ಮೇಲೆತ್ತಿದ ಗಡಿಯಾರದಲ್ಲಿಯೂ ಈ ವ್ಯತ್ಯಾಸವನ್ನು ಕಂಡುಹಿಡಿದರು.

ನಮ್ಮ ಭೌತಶಾಸ್ತ್ರಜ್ಞರು ಅಲ್ಲಿಯೇ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದರು. ಗಂಟೆಗೆ ನಲವತ್ತು ಕಿಲೋಮೀಟರು ವೇಗದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕುಳಿತರೆ ಮನೆಯಲ್ಲಿ ಕುಳಿತವರಿಗಿಂತ ನನ್ನ ವಯಸ್ಸು ಸುಮಾರು ಎರಡು ಅಂಶ ಕಡಿಮೆಯಾಗುತ್ತದೆ. ಒಂದು ಸೆಕೆಂಡನ್ನು ಒಂದು ಲಕ್ಷ ಕೋಟಿ ಭಾಗ ಮಾಡಿದರೆ ಬರುವ ಒಂದು ಭಾಗವೇ ಈ ಅಂಶ. ಹೋಗಿ ಬರುವುದಕ್ಕೆ ನಾಲ್ಕು ಅಂಶದ ಯೌವನ ಲಾಭ. ನಾನು ಹಿಗ್ಗಿದೆ. “ಹಿಗ್ಗಬೇಡಿ. ನಿಮ್ಮ ತರಗತಿಗಳೆಲ್ಲ ಮೇಲಂತಸ್ತಿನಲ್ಲಿವೆ. ಅಲ್ಲಿ ಐದು ಗಂಟೆ ನಿಂತರೆ ಕೆಳಗಿನ ಆಫೀಸಿನವರಿಗಿಂತ ನಿಮಗೆ ಸುಮಾರು ಏಳು ಅಂಶ ಹೆಚ್ಚು ವಯಸ್ಸಾಗುತ್ತದೆ” ಎಂದು ಅವರು ಹಾಳೆಯನ್ನು ಮಡಚಿಟ್ಟರು. ಬಸ್ಸು ಕೊಟ್ಟದ್ದನ್ನು ಮೆಟ್ಟಿಲು ಕಸಿದುಕೊಂಡಿತು. ಮೇಷ್ಟರ ಬಾಳಿನ ಜಮಾಖರ್ಚು ಎಲ್ಲ ಕಾಲದಲ್ಲಿಯೂ ಹೀಗೆಯೇ.

ಇದನ್ನೆಲ್ಲ ಕೇಳಿದಾಗ ನನಗೆ ಭಾಗವತದ ರೇವತಿ ನೆನಪಾದಳು. ಅವಳ ತಂದೆ ಕಕುದ್ಮಿ ಮಗಳಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೇ ಹೋದ. ಅಲ್ಲಿ ಸಂಗೀತ ನಡೆದಿತ್ತು. ಮುಗಿಯಲೆಂದು ಕ್ಷಣಕಾಲ ಕಾದು ಕೇಳಿದರೆ ಬ್ರಹ್ಮ ನಕ್ಕ: ನೀನು ಮನಸ್ಸಿನಲ್ಲಿಟ್ಟುಕೊಂಡ ವರರೆಲ್ಲ ಗತಿಸಿ ಇಪ್ಪತ್ತೇಳು ಚತುರ್ಯುಗಗಳಾದುವು! ಕೊನೆಗೆ ರೇವತಿ ಬಲರಾಮನ ಕೈ ಹಿಡಿದಳು. ಕಚೇರಿಗೆ ಕೆಲಸಕ್ಕೆ ಹೋಗಿ ‘ಸ್ವಲ್ಪ ಕೂಡ್ರಿ’ ಎನ್ನಿಸಿಕೊಂಡವರೆಲ್ಲರಿಗೂ ಈ ಕತೆಯ ಸತ್ಯ ಅನುಭವಕ್ಕೆ ಬಂದಿರುತ್ತದೆ.

ಸರಿ, ಯಂತ್ರ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಕಲ್ಯಾಣಕ್ಕೇ ಹೋದೆನೆನ್ನೋಣ. ಮೊದಲ ತೊಡಕು ಮಾತಿನದು. ಶಬ್ದಮಣಿದರ್ಪಣವನ್ನು ಗಟ್ಟಿ ಮಾಡಿದ್ದೇನೆಂಬ ಧೈರ್ಯದಿಂದ ನಾನು ಹಳಗನ್ನಡದಲ್ಲಿ ಆರಂಭಿಸಿದರೆ ಸಂತೆಯ ಹೆಂಗಸರು ಬಿದ್ದು ಬಿದ್ದು ನಕ್ಕಾರು. ಕೇಶಿರಾಜ ಹುಟ್ಟುವುದಕ್ಕೇ ಇನ್ನೂ ಹಲವು ದಶಕಗಳಿವೆ. ಅವನ ಸೂತ್ರಗಳನ್ನು ಅಲ್ಲಿ ಯಾರು ಒಪ್ಪಬೇಕು? ಎರಡನೆಯದು ದುಡ್ಡು. ಗದ್ಯಾಣ, ಪಣ, ಹಾಗಗಳ ಪೇಟೆಯಲ್ಲಿ ನನ್ನ ಐನೂರರ ನೋಟನ್ನು ತಿರುಗಿಸಿ ನೋಡಿ, ಚಿತ್ರ ಚೆನ್ನಾಗಿದೆ ಎಂದು ಹಿಂದಕ್ಕೆ ಕೊಟ್ಟಾರು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಇದು ಯಾವ ವರ್ಷವೆಂದು ಕೇಳುವುದು. ಏಕೆಂದರೆ ವರ್ಷಗಳ ವಿಷಯದಲ್ಲಿ ನಮ್ಮ ಊರಿನಷ್ಟು ಗೊಂದಲ ಮಾಡಿಕೊಂಡ ಊರು ಇನ್ನೊಂದಿರಲಾರದು.

1076ರಲ್ಲಿ ಆರನೆಯ ವಿಕ್ರಮಾದಿತ್ಯ ಕಲ್ಯಾಣದ ಸಿಂಹಾಸನ ಏರಿದ. ಉಳಿದ ಅರಸರು ಶತ್ರುಗಳನ್ನು ಗೆದ್ದು ತೃಪ್ತರಾಗುತ್ತಾರೆ. ಈತ ಕಾಲದ ಮೇಲೆಯೇ ದಂಡೆತ್ತಿ ಹೋದ. ಹಳೆಯ ಶಕವರ್ಷ ಇನ್ನು ಸಾಕು, ಇಂದಿನಿಂದ ಒಂದು ಎಂದು ಎಣಿಸಿರಿ ಎಂದು ಚಾಳುಕ್ಯ ವಿಕ್ರಮ ಶಕವನ್ನು ಆರಂಭಿಸಿದ. ಐವತ್ತು ವರ್ಷ ಆಳಿದ ಅರಸು. ನೂರಾರು ಶಾಸನಗಳು ಅವನ ಎಣಿಕೆಯನ್ನೇ ಹಿಡಿದುವು. ಆದರೆ ಕಾಲ ಯಾರ ಮಾಂಡಲಿಕನೂ ಅಲ್ಲ. ಅವನ ಮಗ ಮೂರನೆಯ ಸೋಮೇಶ್ವರ ಮಾನಸೋಲ್ಲಾಸವನ್ನು ಬರೆದಾಗ ಗ್ರಹಗಣಿತಕ್ಕೆ ಹಿಡಿದುಕೊಂಡದ್ದು ಹಳೆಯ ಶಕವರ್ಷ 1051ನ್ನು, ಅಂದರೆ ಕ್ರಿಸ್ತಶಕ 1129ನ್ನು. ಅಪ್ಪ ಓಡಿಸಿದ್ದನ್ನು ಮಗ ಹಿಂಬಾಗಿಲಿನಿಂದ ಕರೆದುಕೊಂಡ. ಆಮೇಲೆ ಬಂದ ಅರಸೊತ್ತಿಗೆಗಳ ಜೊತೆ ಹಿಜರಿ ಬಂತು. ನಿಜಾಮರ ಕಾಲದಲ್ಲಿ ಫಸಲಿ ಬಂತು; ಅಕ್ಬರನ ಕಾಲದಲ್ಲಿ ಬೆಳೆ ಮತ್ತು ಕಂದಾಯದ ಅನುಕೂಲಕ್ಕೆಂದು ಹುಟ್ಟಿದ ಎಣಿಕೆ ಅದು. ಅದರ ವರ್ಷಕ್ಕೂ ಇಂಗ್ಲಿಷ್ ವರ್ಷಕ್ಕೂ ಐನೂರ ತೊಂಬತ್ತರ ಅಂತರ. ಇವೆಲ್ಲದರ ನಡುವೆ ಯುಗಾದಿಯಿಂದ ಯುಗಾದಿಗೆ ಅರವತ್ತು ಸಂವತ್ಸರಗಳ ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು.

ಈ ಗೊಂದಲದ ಒಂದು ಎಳೆ ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿಯೂ ಇದೆ. ನನ್ನ ಮುತ್ಯಾ ನಿಜಾಮರ ಶಾಲೆಯಲ್ಲಿ ಉರ್ದು ಕಲಿತವರು. ಲೆಕ್ಕದ ವಹಿಯಲ್ಲಿ ಬೀಜದ ಜೋಳ, ಎತ್ತಿನ ಸಾಲ, ಮಕ್ಕಳ ಜನನ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟವರು. ಅದರ ಒಂದು ಹಾಳೆಯಲ್ಲಿ ಹೀಗಿದೆ: ಫಸಲಿ 1366, ದುರ್ಮುಖಿ ಸಂವತ್ಸರ, ದೀಪಾವಳಿಯಿಂದ ಎಂಟನೆಯ ದಿನ, ಜೋಳಕ್ಕೆ ಎಡೆ ಹೊಡೆದೆವು, ಗಂಡು ಮಗು. ಆ ಗಂಡು ಮಗು ನನ್ನ ಅಪ್ಪ. ಇಂಗ್ಲಿಷ್ ಲೆಕ್ಕದಲ್ಲಿ 1956ರ ನವೆಂಬರ್ 9. ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎಂಟು ದಿನವಾಗಿತ್ತು.

ಆದರೆ ಶಾಲೆಯ ಪುಸ್ತಕದಲ್ಲಿ ಅಪ್ಪ ಹುಟ್ಟಿದ್ದು 1955ರ ಜೂನ್ 1. ನಮ್ಮ ಕಡೆಯ ಹಿರಿಯರ ದಾಖಲೆಗಳನ್ನು ನೋಡಿದರೆ ಊರಿಗೆ ಊರೇ ಜೂನ್ ಒಂದರಂದು ಹುಟ್ಟಿದಂತೆ ಕಾಣುತ್ತದೆ. ಹೆರಿಗೆಗೂ ಶಾಲೆ ತೆರೆಯುವುದಕ್ಕೂ ಏನೋ ಗಂಟು ಇದ್ದಂತೆ. ಅಪ್ಪನ ಕತೆ ಇದು: 1961ರ ಜೂನ್ ತಿಂಗಳಲ್ಲಿ ನನ್ನ ಸೋದರತ್ತೆಯನ್ನು ಶಾಲೆಗೆ ಸೇರಿಸಲು ಮುತ್ಯಾ ಹೋದರು. ಅವ್ವ ಹೊಲದಲ್ಲಿದ್ದುದರಿಂದ ಹಿಂದೆ ಬಾಲದಂತೆ ಅಪ್ಪನೂ ಹೋದರು. ಅಕ್ಕ ಒಳಗೆ ಕುಳಿತಳು. ತಮ್ಮ ಬಾಗಿಲಲ್ಲಿ ನಿಂತು ಅಳತೊಡಗಿದ. ಗುರುಗಳು ಅವನನ್ನೂ ಕರೆದರು. ಆ ಕಾಲದಲ್ಲಿ ವಯಸ್ಸಿನ ಪ್ರಮಾಣಪತ್ರವೆಂದರೆ ಕಿವಿ. ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿಯನ್ನು ಮುಟ್ಟಿದರೆ ಆರು ತುಂಬಿತೆಂದು ಅರ್ಥ. ನಾಲ್ಕು ವರ್ಷ ಏಳು ತಿಂಗಳ ಹುಡುಗನ ಬೆರಳು ಕಿವಿಯವರೆಗೆ ಬರಲಿಲ್ಲ. ಗುರುಗಳು ಅವನ ತಲೆಯನ್ನು ಮೆಲ್ಲಗೆ ಒಂದು ಕಡೆ ಬಾಗಿಸಿದರು. ಬೆರಳು ಮುಟ್ಟಿತು. ಪುಸ್ತಕದಲ್ಲಿ ಆರು ವರ್ಷವೆಂದು ಬರೆದರು.

ಹೀಗೆ ನನಗೆ ಇಬ್ಬರು ಅಪ್ಪಂದಿರಾದರು. ಮನೆಯ ಅಪ್ಪ ಮೈಸೂರು ರಾಜ್ಯದಲ್ಲಿ ಹುಟ್ಟಿದವರು. ಪುಸ್ತಕದ ಅಪ್ಪ ಹೈದರಾಬಾದ್ ರಾಜ್ಯದಲ್ಲಿ ಹುಟ್ಟಿದವರು. ಇಬ್ಬರ ನಡುವೆ ಹದಿನೇಳು ತಿಂಗಳ ಅಂತರ. ಪುಸ್ತಕದ ಅಪ್ಪ 1978ರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾದರು, ಸಾವಿರಾರು ಮಕ್ಕಳಿಗೆ ಅಕ್ಷರ ಕಲಿಸಿದರು, 2015ರ ಮೇ 31ರಂದು ಅರವತ್ತು ತುಂಬಿ ನಿವೃತ್ತರಾದರು. ಮನೆಯ ಅಪ್ಪನಿಗೆ ಆಗ ಇನ್ನೂ ಐವತ್ತೆಂಟೂವರೆ. ಕೂದಲು ಪೂರ್ತಿ ನೆರೆತಿರಲಿಲ್ಲ. ಜೂನ್ ಒಂದರ ಬೆಳಗ್ಗೆ ಎಂದಿನಂತೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸೈಕಲ್ಲಿನ ಬಳಿಗೆ ಹೋಗಿ, ಆಮೇಲೆ ನೆನಪಾಗಿ ಒಳಗೆ ಬಂದು ಕುಳಿತುದನ್ನು ನಾನು ನೋಡಿದ್ದೇನೆ.

ಆ ದಿನಗಳಲ್ಲಿ ನಮ್ಮ ಮನೆ ನಗುವ ಮನೆಯಾಗಿರಲಿಲ್ಲ. ತಂಗಿಯ ಮದುವೆ ಗೊತ್ತಾಗುವುದರಲ್ಲಿತ್ತು. ನಾನು ಕಲಬುರಗಿಯಲ್ಲಿ ಎಂ.ಎ. ಮುಗಿಸಿ, ಅರ್ಜಿ ಹಾಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಹದಿನೇಳು ತಿಂಗಳ ಸಂಬಳವೆಂದರೆ ಆ ಮದುವೆಯ ಖರ್ಚಿನಷ್ಟೇ ಆಗುತ್ತಿತ್ತು. ಅವ್ವ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ಮುತ್ಯಾನ ವಹಿಯನ್ನು ತೆಗೆದುಕೊಂಡು ನಾನೇ ಒಂದು ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿಯವರು ಸೌಜನ್ಯದಿಂದಲೇ ಹೇಳಿದರು: 1974ರ ಕಾನೂನಿನಂತೆ ಸೇವೆಗೆ ಸೇರಿದ ಮೂರು ವರ್ಷದೊಳಗೆ ಅರ್ಜಿ ಕೊಟ್ಟಿದ್ದರೆ ಜನ್ಮದಿನಾಂಕವನ್ನು ತಿದ್ದಿಸಿಕೊಳ್ಳುವ ಹಾದಿಯಿತ್ತು; ಈಗ ಆ ಬಾಗಿಲು ಮುಚ್ಚಿ ಮೂವತ್ತು ವರ್ಷಗಳ ಮೇಲಾಯಿತು.

ಮನೆಗೆ ಬಂದು ನಾನು ಅಪ್ಪನಿಗೆ ಹೇಳಬಾರದ ಮಾತನ್ನು ಹೇಳಿದೆ. “ಮೂರು ವರ್ಷ ಅವಕಾಶವಿತ್ತು. ಲೋಕಕ್ಕೆಲ್ಲ ಲೆಕ್ಕ ಕಲಿಸುವವರಿಗೆ ಸ್ವಂತ ವಯಸ್ಸಿನ ಲೆಕ್ಕ ಬರಲಿಲ್ಲವೇ?” ಎಂದೆ. ಅಪ್ಪ ನನ್ನ ಮುಖವನ್ನೊಮ್ಮೆ ನೋಡಿ, ಪತ್ರಿಕೆಯನ್ನು ಎತ್ತಿಕೊಂಡರು. ಪತ್ರಿಕೆ ತಲೆಕೆಳಗಾಗಿತ್ತು.

ಎರಡು ವಾರ ನಾವಿಬ್ಬರೂ ಮಾತಾಡಲಿಲ್ಲ. ಕೆಲಸವಿಲ್ಲದ ಇಬ್ಬರು ಗಂಡಸರು ಒಂದೇ ಪಡಸಾಲೆಯಲ್ಲಿ ಮಾತಿಲ್ಲದೆ ಕುಳಿತರೆ ಕಾಲ ಎಷ್ಟು ನಿಧಾನವಾಗುತ್ತದೆಂಬುದನ್ನು ಐನ್‌ಸ್ಟೈನನೂ ಅಳೆದಿಲ್ಲ. ಒಂದು ಬೆಳಗ್ಗೆ ಅಪ್ಪನೇ, “ಜಲಸಂಗವಿಗಿ ಹೋಗಿ ಬರೋಣ ಬಾ. ಹುಡುಗರಿಗಿ ಇಷ್ಟು ವರ್ಷ ಹೇಳೀನಿ, ಕಣ್ಣಿಲೆ ನೋಡೇ ಇಲ್ಲ” ಎಂದರು.

ಜಲಸಂಗವಿ ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಚಾಲುಕ್ಯ ಕಾಲದ ಶಿವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯರ ಸಾಲು ಇದೆ. ಅವರಲ್ಲಿ ಒಬ್ಬಳು ಕನ್ನಡಿ ಹಿಡಿದವಳಲ್ಲ, ನರ್ತಿಸುವವಳೂ ಅಲ್ಲ, ಅವಳು ಬರೆಯುತ್ತಿದ್ದಾಳೆ. ಬಳುಕಿ ನಿಂತು, ಕೈಯನ್ನು ಎತ್ತಿ, ಕಲ್ಲಿನ ಹಲಗೆಯ ಮೇಲೆ ವಿಕ್ರಮಾದಿತ್ಯನನ್ನು ಕೊಂಡಾಡುವ ಶಾಸನವನ್ನು ಬರೆಯುತ್ತಿದ್ದಾಳೆ. ಜನ ಅವಳನ್ನು ಶಾಸನಸುಂದರಿ ಎನ್ನುತ್ತಾರೆ. ಬರೆಯಿಸಿಕೊಂಡ ಅರಸು ಹೋದ, ಅವನ ಶಕ ಹೋಯಿತು, ಅವನ ರಾಜಧಾನಿಯ ಹೆಸರೂ ಬದಲಾಯಿತು. ಒಂಬೈನೂರು ವರ್ಷಗಳಿಂದ ಅವಳ ಕೈ ಮಾತ್ರ ಎತ್ತಿದ್ದು ಎತ್ತಿದಂತೆಯೇ ಇದೆ.

ಅಪ್ಪ ಬಹಳ ಹೊತ್ತು ಅವಳ ಕೈಯನ್ನೇ ನೋಡಿದರು. ಮಾಸ್ತರರು ಮಕ್ಕಳ ಬರವಣಿಗೆಯನ್ನು ನೋಡುವಂತೆ ನೋಡಿದರು. ಆಮೇಲೆ ಜಗಲಿಯ ಮೇಲೆ ಕುಳಿತು, ಯಾರಿಗೂ ಅಲ್ಲದಂತೆ ಹೇಳಿದರು: “ಮೂರು ವರ್ಷದಾಗ ಅರ್ಜಿ ಕೊಡಬಹುದಂತ ನನಗ ಗೊತ್ತಿತ್ತು. ಆಗ ನನ್ನ ಗುರುಗಳು ಇನ್ನಾ ನೌಕರಿದಾಗ ಇದ್ದರು. ಈ ತಾರೀಖು ಯಾರು ಬರದರು, ಯಾಕ ಬರದರು ಅಂತ ಅವರನ್ನ ಕರಿಸಿ ಕೇಳ್ತಿದ್ದರು. ನನಗ ಶಾಲಿ ಒಳಗ ಕರಕೊಂಡವರಿಗಿ ನಾ ಕಚೇರಿ ಮೆಟ್ಟಲ ಹತ್ತಸಬೇಕೇನು?”

ನಾನು ಏನೂ ಹೇಳಲಿಲ್ಲ. ಹೇಳಬೇಕಾದದ್ದು ಬಹಳವಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪನ ಚೀಲವನ್ನು ನಾನು ಹಿಡಿದುಕೊಂಡೆ. ಅದು ನನಗೆ ತಿಳಿದ ಕ್ಷಮಾಪಣೆ. ಅವರು ಚೀಲವನ್ನು ಬಿಟ್ಟುಕೊಟ್ಟರು. ಅದು ಅವರಿಗೆ ತಿಳಿದ ಕ್ಷಮೆ.

ಅಲ್ಲಿಂದ ಮುಂದೆ ಆ ಹದಿನೇಳು ತಿಂಗಳುಗಳಿಗೆ ಬೇರೆಯೇ ಬಣ್ಣ ಬಂತು. “ಈ ದಿನಗೋಳು ಸರ್ಕಾರದ ಲೆಕ್ಕದಾಗ ಇಲ್ಲ. ಇವು ನನ್ನ ಸ್ವಂತದವು” ಎಂದು ಅಪ್ಪ ನಗುತ್ತಿದ್ದರು. ಬೆಳಗಿನ ತಂಪಿನಲ್ಲಿ ತ್ರಿಪುರಾಂತಕ ಕೆರೆಯ ದಂಡೆ, ಅಕ್ಕನಾಗಮ್ಮನ ಗವಿ, ಕೋಟೆ, ನಾರಾಯಣಪುರದ ದೇವಾಲಯ. ಸಾವಿರ ಸಲ ಪಕ್ಕದಲ್ಲಿ ಹಾದುಹೋದ ಜಾಗಗಳನ್ನು ಇಬ್ಬರೂ ಹೊಸಬರಂತೆ ನೋಡಿದೆವು. ನಾನು ಶಾಸನಗಳ ವಿಷಯ ಹೇಳುತ್ತಿದ್ದೆ. ಅವರು ಯಾವ ಕಲ್ಲಿನ ಸಂದಿಯಲ್ಲಿ ಬಾಲ್ಯದಲ್ಲಿ ಗೋಲಿಗಳನ್ನು ಬಚ್ಚಿಟ್ಟಿದ್ದರೆಂದು ತೋರಿಸುತ್ತಿದ್ದರು. ಇತಿಹಾಸವೆಂದರೆ ಇವೆರಡೂ ಸೇರಿದ್ದು ಎಂದು ನನಗೆ ತೋರಿದ್ದು ಆಗಲೇ.

ಒಂದು ಮಾರ್ಗಶಿರದ ರಾತ್ರಿ ಮಾಳಿಗೆಯ ಮೇಲೆ ಕುಳಿತಿದ್ದೆವು. ಪೂರ್ವದಲ್ಲಿ ಮಹಾವ್ಯಾಧ ಏರಿ ಬಂದಿದ್ದ. ನಡುವಿನ ಮೂರು ಚುಕ್ಕೆಗಳನ್ನು ಅಪ್ಪ ಗುರುತಿಸಿದರು; ಒಕ್ಕಲು ಮಕ್ಕಳಿಗೆ ಅವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವುಗಳ ದಕ್ಷಿಣಕ್ಕೆ ನೀಲಿಬಿಳುಪಾಗಿ ಹೊಳೆಯುವ ರೈಜೆಲ್ ನಕ್ಷತ್ರವನ್ನು ನಾನು ತೋರಿಸಿದೆ. ಅದು ನಮ್ಮಿಂದ ಸುಮಾರು 860 ಜ್ಯೋತಿರ್ವರ್ಷ ದೂರದಲ್ಲಿದೆ. ಹತ್ತಾರು ವರ್ಷ ಆಚೀಚೆಯಾದೀತು. ಅಂದರೆ ಈಗ ನಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಇದೇ ಊರಿನಲ್ಲಿ ಬಸವಣ್ಣನವರ ಕಾಲ ನಡೆದಿತ್ತು. ಅದೇ ರೀತಿಯಲ್ಲಿ ಅಲ್ಲಿ ಯಾರಾದರೂ ಬಲವಾದ ದೂರದರ್ಶಕವನ್ನು ಇತ್ತ ತಿರುಗಿಸಿದರೆ ಅವರಿಗೆ ಕಾಣುವುದು ನಾವಲ್ಲ, ಶರಣರ ಕಲ್ಯಾಣ. ಮುರಿದುಬಿದ್ದ ಕಲ್ಯಾಣವಲ್ಲ, ತುಂಬಿದ ಕಲ್ಯಾಣ.

ಅಪ್ಪ ಕಂಬಳಿಯನ್ನು ಮೇಲೆಳೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರ ಯಾವದೂ ಹೋಗಿಲ್ಲ. ದೂರ ಆಗ್ಯಾದ, ಅಷ್ಟೇ” ಎಂದರು.

2016ರ ಯುಗಾದಿಗೆ ಪಂಚಾಂಗದಲ್ಲಿ ದುರ್ಮುಖಿ ಸಂವತ್ಸರ ಮರಳಿ ಬಂತು. ಅರವತ್ತು ವರ್ಷ ಸುತ್ತಿ ಬಂದ ಕಾಲ ಅಪ್ಪನನ್ನು ಹುಟ್ಟಿದ ಮನೆಯ ಬಾಗಿಲಿಗೇ ತಂದು ನಿಲ್ಲಿಸಿತು. ನಿಜವಾದ ಅರವತ್ತನ್ನು ನಾವು ದೀಪಾವಳಿಯಾದ ಎಂಟನೆಯ ದಿನ, ನವೆಂಬರ್ 6ರ ಭಾನುವಾರ, ಆಚರಿಸಿದೆವು. ಫಸಲಿಯಂತೆ ಅದು 1426. ಶಾಲಿವಾಹನ ಶಕ 1938. ವಿಕ್ರಮಾದಿತ್ಯನ ಎಣಿಕೆ ಬದುಕಿದ್ದರೆ 941. ಸೋದರತ್ತೆ ತಮ್ಮನ ಕೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿಯನ್ನು ಮುಟ್ಟಿಸಿ, “ಈಗ ಮುಟ್ಟಿತು ನೋಡು, ಈಗ ಶಾಲಿಗಿ ಹೋಗು” ಎಂದಾಗ ಮನೆಯೆಲ್ಲ ನಕ್ಕಿತು. ನಂಟರು ಪಾಕೀಟುಗಳಲ್ಲಿ ಐನೂರರ ನೋಟುಗಳನ್ನು ಹಾಕಿ ಕೊಟ್ಟರು. ಎರಡೇ ದಿನ ಕಳೆದು ನವೆಂಬರ್ 8ರ ರಾತ್ರಿ ಆ ನೋಟುಗಳೆಲ್ಲ ಗದ್ಯಾಣ ಪಣಗಳ ಸಾಲಿಗೆ ಸೇರಿದುವು. “ನೋಡು, ಮನುಷ್ಯಾಗ ಅಷ್ಟೇ ಅಲ್ಲ, ರೊಕ್ಕಕ್ಕೂ ನಿವೃತ್ತಿ ಅದ” ಎಂದು ಅಪ್ಪ ಬ್ಯಾಂಕಿನ ಸಾಲಿನಲ್ಲಿ ನಿಂತು ಎಲ್ಲರನ್ನೂ ನಗಿಸಿದರು.

ಡಿಸೆಂಬರಿನಲ್ಲಿ ನನಗೆ ಹುಮನಾಬಾದಿನಲ್ಲಿ ಕೆಲಸ ಸಿಕ್ಕಿತು. ಮರುವರ್ಷ ತಂಗಿಯ ಮದುವೆಯೂ ಆಯಿತು. ಆಮೇಲೆ ಬೆಳಗಿನ ಬಸ್ಸು, ಸಂಜೆಯ ಬಸ್ಸು, ಉತ್ತರಪತ್ರಿಕೆ, ಸಭೆ. ಅಪ್ಪನೊಡನೆ ಕೆರೆಯ ದಂಡೆಗೆ ಹೋಗುವುದು ಮುಂದಿನ ಭಾನುವಾರಕ್ಕೆ, ಅದರ ಮುಂದಿನ ಭಾನುವಾರಕ್ಕೆ ಸರಿಯುತ್ತ ಹೋಯಿತು. 2019ರ ಮಾಘದಲ್ಲಿ ಅಪ್ಪ ತೀರಿಕೊಂಡರು. ಮರಣದ ದಾಖಲೆಯಲ್ಲಿ ವಯಸ್ಸು 63 ಎಂದು ಬರೆದಿದೆ. ಅದು ಪುಸ್ತಕದ ಅಪ್ಪನ ವಯಸ್ಸು. ನಮ್ಮ ಅಪ್ಪನಿಗೆ 62 ಆಗಿತ್ತು. ಒಂದು ವರ್ಷ ಮೊದಲೇ ಮನೆಗೆ ಕಳುಹಿಸಿದ ಆ ತಾರೀಖೇ ಕೊನೆಯಲ್ಲಿ ಅವರು ಬದುಕದ ಒಂದು ವರ್ಷವನ್ನೂ ಬರೆದುಕೊಟ್ಟಿತು. ಆದರೆ ಆ ವರ್ಷದಲ್ಲಿ ಕೆರೆಯ ದಂಡೆಗೆ ಹೋಗುವ ಹಾಗಿಲ್ಲ.

ಬಸ್ಸು ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ನಿಂತಾಗ ನನಗೆ ಹುಡುಗಿಯ ಪ್ರಶ್ನೆಗೆ ಉತ್ತರ ಹೊಳೆಯಿತು. ಕಲ್ಯಾಣಕ್ಕೆ ಹೋಗಲು ನನಗೆ ಯಂತ್ರ ಬೇಡ. ಐವತ್ತು ಪುಸ್ತಕಗಳಿವೆ, ಒಂದು ನಕ್ಷತ್ರವೂ ಇದೆ. ಹೋಗುವುದಾದರೆ 1961ರ ಜೂನ್ ತಿಂಗಳ ಆ ಬೆಳಗ್ಗೆಗೆ ಹೋಗಬೇಕು. ಆದರೆ ಹೋಗಿ ಏನು ಮಾಡಬೇಕು? ಗುರುಗಳ ಕೈ ಹಿಡಿದು, ‘ತಪ್ಪು ಬರೆಯಬೇಡಿ, ಈ ಹುಡುಗನಿಗೆ ಹದಿನೇಳು ತಿಂಗಳ ನಷ್ಟವಾಗುತ್ತದೆ’ ಎನ್ನಬೇಕೆ? ಅವರು ಕೇಳಿ ತಿದ್ದಿದರೆನ್ನಿ. ಆಗ ಅಪ್ಪ 2016ರ ನವೆಂಬರಿನವರೆಗೆ ನೌಕರಿ ಮಾಡುತ್ತಾರೆ. ಡಿಸೆಂಬರಿನಲ್ಲಿ ನಾನು ಬಸ್ಸು ಹತ್ತುತ್ತೇನೆ. ಜಲಸಂಗವಿ ಇಲ್ಲ, ಮಾಳಿಗೆಯ ರಾತ್ರಿ ಇಲ್ಲ, ಗೋಲಿ ಬಚ್ಚಿಟ್ಟ ಕಲ್ಲಿನ ಸಂದಿ ಇಲ್ಲ. ಅಪ್ಪ ಯಾರ ಮಾನ ಉಳಿಸಲು ಸುಮ್ಮನಿದ್ದರೆಂಬುದೂ ನನಗೆ ತಿಳಿಯುವುದಿಲ್ಲ. ಅದು ತಿಳಿಯದ ನನಗೆ 1961ಕ್ಕೆ ಹೋಗುವ ಹಂಬಲವೇ ಹುಟ್ಟುವುದಿಲ್ಲ. ಹಾಗಾದರೆ ಹೋದವನು ಯಾರು? ತಿದ್ದಿಸಿದವನು ಯಾರು? ಕಾಲಪ್ರಯಾಣದ ಪಂಡಿತರೆಲ್ಲ ತಲೆ ಕೆಡಿಸಿಕೊಂಡ ಗಂಟು ಇದೇ. ಅದನ್ನು ಬಿಚ್ಚುವ ಶಕ್ತಿ ನನಗಿಲ್ಲ. ಬಿಚ್ಚುವ ಆಸೆಯೂ ಉಳಿದಿಲ್ಲ.

ಭೌತಶಾಸ್ತ್ರದ ಸಹೋದ್ಯೋಗಿಯ ಹಾಳೆಯ ಹಿಂಬದಿಯಲ್ಲಿ ನಾನೂ ಒಂದು ಲೆಕ್ಕ ಮಾಡಿದೆ. ಲುಬ್ಧಕ ನಕ್ಷತ್ರ ನಮಗೆ ಸುಮಾರು ಎಂಟೂವರೆ ಜ್ಯೋತಿರ್ವರ್ಷ ದೂರ. ಪೂರ್ವಶ್ವಾನ ಹನ್ನೊಂದೂವರೆ. ಆ ಹದಿನೇಳು ತಿಂಗಳುಗಳಲ್ಲಿ ತ್ರಿಪುರಾಂತಕ ಕೆರೆಯ ದಂಡೆಯ ಮೇಲೆ ನಡೆದಾಡಿದ ಇಬ್ಬರ ಮೇಲೆ ಬಿದ್ದು ಚದುರಿದ ಬೆಳಕು ಈಗ ಲುಬ್ಧಕನಷ್ಟು ದೂರವನ್ನು ದಾಟಿ ಇನ್ನೂ ಮುಂದೆ ಹೋಗುತ್ತಿದೆ. ದೂರವಾಗಿದೆ, ಅಷ್ಟೇ.

ಮರುದಿನ ತರಗತಿಯಲ್ಲಿ ಹಾಜರಿ ತೆಗೆದುಕೊಂಡು, ಯಾರೂ ಕೇಳುವ ಮೊದಲೇ ಹೇಳಿದೆ: “ನಾನು 1961ಕ್ಕೆ ಹೋಗುತ್ತೇನೆ. ಒಂದು ಹಳ್ಳಿಯ ಶಾಲೆಯಲ್ಲಿ ಒಬ್ಬ ಸಣ್ಣ ಹುಡುಗನ ಕೈ ಅವನ ಕಿವಿಗೆ ಮುಟ್ಟುತ್ತದೆಯೇ ಎಂದು ನೋಡಿ ಬರುತ್ತೇನೆ.” ತರಗತಿ ನಕ್ಕಿತು. ಪ್ರಶ್ನೆ ಕೇಳಿದ್ದ ಹುಡುಗಿ ನಗಲಿಲ್ಲ. “ಮುಟ್ಟಲಿಲ್ಲ ಅಂದ್ರ ಸರ್?” ಎಂದಳು.

“ಗುರುಗಳು ಒಬ್ಬರೇ ಇದ್ದರೆ, ಹುಡುಗನ ತಲೆ ಬಾಗಿಸಲು ನಾನೂ ಒಂದು ಕೈ ಕೊಟ್ಟು ಬರುತ್ತೇನೆ” ಎಂದೆ.

ಅಂದು ಗಂಟೆ ಹೊಡೆದ ಮೇಲೂ ಅವರು ಏಳಲಿಲ್ಲ. ಕತೆ ಪೂರ್ತಿ ಹೇಳಬೇಕಾಯಿತು. ಮೇಲಂತಸ್ತಿನಲ್ಲಿ ಇಪ್ಪತ್ತು ನಿಮಿಷ ಹೆಚ್ಚಾಗಿಯೇ ನಿಂತೆ. ಅದರಿಂದ ನನ್ನ ವಯಸ್ಸು ಎಷ್ಟು ಅಂಶ ಹೆಚ್ಚಿತೆಂದು ಲೆಕ್ಕ ಹಾಕಲು ಹೋಗಲಿಲ್ಲ.